ಗಾಳಿ ತಾತನ ಕುರುಡು ಗೋಡೆ

ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಕನಕಾಂಬರ ಮಾರುವ ಹೆಂಗಸೊಬ್ಬಳು ಬುಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸಿಕೊಂಡು ಕೂತಿರುತ್ತಾಳೆ. ಕಳೆದ ವಾರ ನಾನು ಮಾರಿಕುಪ್ಪಂ ರೈಲಿನಿಂದ ಇಳಿದು ಅವಳ ಮುಂದೆ ಹಾದುಹೋಗುವಾಗ ಅವಳು ಆ ಗೋಣಿಯನ್ನು ಎತ್ತಿ ಕೊಡವಿದಳು. ಒದ್ದೆ ಗೋಣಿಯ ಆ ವಾಸನೆ... ಹೂವಿನ ಘಮವನ್ನು ಹಿಂದಕ್ಕೆ ತಳ್ಳಿ ಬಂದು ಮೂಗಿಗೆ ಹತ್ತಿತು. ದಾರಿಯ ನಡುವೆಯೇ ನಿಂತುಬಿಟ್ಟೆ. ಮೊದಲು ಗಾಳಿ ತಾತ ನೆನಪಾದರು. ಅವರ ಬೆನ್ನಿಗೇ ಇನ್ನೊಬ್ಬರು ನೆನಪಾಗಿ ಮೈ ಉರಿಯಿತು.

ನನಗೆ ಬೇಗ ಮರೆಯುವ ಗುಣ ಇಲ್ಲ. ಆದದ್ದು ಆಯಿತು ಎಂದು ಯಾರಾದರೂ ಸಮಾಧಾನ ಹೇಳಿದರೆ ಅವರ ಮೇಲೂ ಸಿಟ್ಟು ಬರುತ್ತದೆ. ಆಗಿದ್ದು ಅವರಿಗಲ್ಲವಲ್ಲ. ಒಬ್ಬ ಮನುಷ್ಯನ ಮೇಲಿನ ಹಗೆಯನ್ನು ಹದಿನಾಲ್ಕು ವರ್ಷ ಬೆಚ್ಚಗೆ ಕಾಪಾಡಿಕೊಂಡು ಬಂದವಳು ನಾನು. ಅದರ ಬಗ್ಗೆ ನನಗೆ ನಾಚಿಕೆಯೇನೂ ಇಲ್ಲ.

ನಂದಿದುರ್ಗ ಎಂಬ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳು ಮುಗಿಯುವ ಕಡೆ, ಗಣಿಯವರ ಕಾಲದ ಹಳೆಯ ಉಗ್ರಾಣವೊಂದರಲ್ಲಿ ನಮ್ಮ ಲೈಬ್ರರಿ ಇತ್ತು. ಊರಿನ ಹತ್ತು ಜನ ಸೇರಿ ಮಾಡಿಕೊಂಡ ಸಮಿತಿಯೊಂದು ಅದನ್ನು ನಡೆಸುತ್ತಿತ್ತು. ಬಂಗಾರಪೇಟೆಯ ಪಕ್ಕದ ಹಳ್ಳಿಯಿಂದ ದಿನಾ ರೈಲು ಹತ್ತಿ ಬಂದು ಪುಸ್ತಕಗಳಿಗೆ ನಂಬರು ಬರೆಯುವ ತಾತ್ಕಾಲಿಕ ಕೆಲಸ ನನ್ನದು. ಕಟ್ಟಡ ನೋಡಲು ಏನೂ ಚೆಂದವಿರಲಿಲ್ಲ. ಮೊಳಕ್ಕಿಂತ ದಪ್ಪದ ಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು, ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಗವಾಕ್ಷಿ. ಪೂರ್ವದ ಕಡೆ ಬೇವಿನ ಮರ, ಅದರ ನೆರಳಿನಲ್ಲಿ ಸಾಲಾಗಿ ಕಿಟಕಿಗಳು. ಪಶ್ಚಿಮದ ಕಡೆ ಮಾತ್ರ ಒಂದೇ ಒಂದು ಕಿಂಡಿಯೂ ಇಲ್ಲದ ಬೋಳು ಗೋಡೆ. ಓದಲು ಬರುವವರು ಅದನ್ನು ಕುರುಡು ಗೋಡೆ ಅನ್ನುತ್ತಿದ್ದರು. ಆ ಗೋಡೆಯ ಆಚೆ ಬಯಲು, ಬಯಲಿನ ಆಚೆ ಸೈನೈಡ್ ದಿಬ್ಬ. ಚಿನ್ನ ತೆಗೆದ ಮೇಲೆ ಉಳಿದ ಬೂದು ಪುಡಿಯನ್ನು ತಂದು ಸುರಿದು ಸುರಿದು ಗುಡ್ಡದಷ್ಟು ಎತ್ತರ ಮಾಡಿದ್ದು.

ತಾತ ನಮ್ಮ ಕಡೆಯವರೇ, ನಮ್ಮೂರಿಂದ ಎರಡು ಮೈಲಿ ಆಚೆಯ ಹಳ್ಳಿ. ಹರೆಯದಲ್ಲೇ ಗಣಿಗೆ ಸೇರಿ, ನೆಲದ ಆಳದಲ್ಲಿ ಕೆಲಸ ಮಾಡುವವರಿಗೆ ಗಾಳಿ ಮುಟ್ಟಿಸುವ ತಂಡದಲ್ಲಿ ಇದ್ದವರು. ಸುರಂಗದಲ್ಲಿ ಗಾಳಿ ತಾನಾಗಿ ಬೇಕಾದ ಕಡೆ ಹೋಗುವುದಿಲ್ಲವಂತೆ. ದಪ್ಪ ಗೋಣಿ ಪರದೆಗಳನ್ನು ಅಲ್ಲಲ್ಲಿ ಅಡ್ಡ ಕಟ್ಟಿ ಅದನ್ನು ತಿರುಗಿಸಿ ಕಳಿಸಬೇಕಂತೆ. ಗಣಿ ಮುಚ್ಚಿದ ಮೇಲೆ ದಿನಗೂಲಿಗೆ ನಮ್ಮ ಲೈಬ್ರರಿಯ ಬಾಗಿಲು ತೆಗೆಯಲು ಬಂದರು. ಕಸ ಗುಡಿಸುವುದು, ಪೇಪರು ಜೋಡಿಸುವುದು, ಕಿಟಕಿ ತೆಗೆದು ಹಾಕುವುದು, ಇಷ್ಟು ಅವರ ಕೆಲಸ. ಕಿಟಕಿ ತೆಗೆದು ಹಾಕುವುದೊಂದು ಕೆಲಸವೇ ಎಂದು ನಾನೂ ಮೊದಲು ನಕ್ಕವಳೇ.

ಬೆಳಿಗ್ಗೆ ಬಂದ ತಕ್ಷಣ ತಾತ ಒಂದು ಊದುಬತ್ತಿ ಹಚ್ಚುತ್ತಿದ್ದರು. ದೇವರಿಗೆ ಅಲ್ಲ. ಅದನ್ನು ಹಿಡಿದು ಪೂರ್ವದ ಕಿಟಕಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಹೊಗೆ ಎತ್ತ ಹೋಗುತ್ತದೆ ಎಂದು ನೋಡಿ, ಎದ್ದು ಹಾಲಿನ ನಡುವೆ ಬಂದು ಮತ್ತೆ ಕೂತು, ಕಡೆಗೆ ಕುರುಡು ಗೋಡೆಯ ಹತ್ತಿರ ನಿಂತು ಕತ್ತು ಮೇಲೆತ್ತುತ್ತಿದ್ದರು. ಹೊಗೆ ಎಳೆಯಾಗಿ ಮೇಲೇರಿ ನೆತ್ತಿಯ ಗವಾಕ್ಷಿಯಿಂದ ಹೊರಗೆ ಹೋದರೆ ಆ ದಿನಕ್ಕೆ ಸರಿ. ಇಲ್ಲದಿದ್ದರೆ ಹಗ್ಗಕ್ಕೆ ಕಟ್ಟಿದ ಗೋಣಿ ಪರದೆಯನ್ನು ಒಂದು ಗೇಣು ಆಚೆ, ಒಂದು ಗೇಣು ಈಚೆ ಸರಿಸಿ ಮತ್ತೆ ನೋಡುವುದು. ಬೇಸಿಗೆಯಲ್ಲಿ ಪೇಪರು ಓದುವವರು ಕೂರುವ ಕಡೆಯ ಪರದೆಗೆ ಮಾತ್ರ ನೀರು ಚಿಮುಕಿಸುತ್ತಿದ್ದರು. ಪುಸ್ತಕದ ಕಪಾಟುಗಳ ಕಡೆಯ ಪರದೆ ಒಣಗಿಯೇ ಇರಬೇಕು. ಮಧ್ಯಾಹ್ನ ಹೊರಗೆ ಕಾಲಿಡಲು ಆಗದ ಬಿಸಿಲಿದ್ದಾಗಲೂ ಒಳಗೆ ಫ್ಯಾನು ಬೇಕು ಅನ್ನಿಸುತ್ತಿರಲಿಲ್ಲ. ಪರೀಕ್ಷೆಗೆ ಓದುವ ಹುಡುಗಿಯರು ಮನೆಯ ಸೆಖೆ ತಡೆಯಲಾಗದೆ ನಮ್ಮಲ್ಲಿ ಬಂದು ಕೂರುತ್ತಿದ್ದರು.

"ಗಾಳಿಗೆ ಬರಾಕೆ ದಾರಿ ಕೊಟ್ರೆ ಸಾಲ್ದು ಅಮ್ಮಣ್ಣಿ, ಓಗಾಕೂ ಕೊಡ್ಬೇಕು. ಇಲ್ಲಾಂದ್ರೆ ಅದು ಒಳಗೇ ಕೂತು ಕೊಳೀತದೆ" ಎನ್ನುತ್ತಿದ್ದರು. ಗಣಿಯಲ್ಲಿ ಕಲಿತ ತಮಿಳು, ಮನೆಯ ಕನ್ನಡ, ಸಂತೆಯ ತೆಲುಗು ಮೂರನ್ನೂ ಬೆರೆಸಿ ಮಾತಾಡುತ್ತಿದ್ದರು. ಅದೂ ಬಲು ಕಡಿಮೆ. ನಾಲ್ಕು ಮಾತಾಡಿದರೆ ಕೆಮ್ಮು ಬರುತ್ತಿತ್ತು. ನೆಲದಡಿಯ ದೂಳು ಎದೆಯಲ್ಲಿ ಮನೆ ಮಾಡಿತ್ತು.

ಆಮೇಲೆ ಆ ಆರ್ಕಿಟೆಕ್ಟ್ ಸಾಹೇಬರು ಬಂದರು. ಬೆಂಗಳೂರಿನವರು. ಪರಿಸರಕ್ಕೆ ಒಗ್ಗುವ ಲೈಬ್ರರಿ, ಕರೆಂಟು ಉಳಿಸುವ ಲೈಬ್ರರಿ, ಹಸಿರು ಲೈಬ್ರರಿ ಎಂದು ಸಮಿತಿಯವರಿಗೆ ಹೇಳಿ ಒಪ್ಪಿಸಿದ್ದರು. ಹಳೆಯ ಕಟ್ಟಡವನ್ನು ಕೆಡವದೆ ಉಳಿಸಿಕೊಳ್ಳುವುದೇ ಹಸಿರಿನ ಮೊದಲ ಪಾಠ ಎಂದರು. ಆ ಮಾತಿಗೆ ತಾತ ಬಾಗಿಲಲ್ಲಿ ನಿಂತು ತಲೆಯಾಡಿಸಿದ್ದು ನನಗೆ ನೆನಪಿದೆ. ಸಾಹೇಬರು ಬಂದದ್ದು ಸಂಕ್ರಾಂತಿ ಹಿಂದುಮುಂದಿನ ಒಂದು ಬೆಳಿಗ್ಗೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವರು ಕಟ್ಟಡವನ್ನು ಒಂದು ಸುತ್ತು ಹಾಕಿ ಪಶ್ಚಿಮದ ಬಯಲಿನಲ್ಲಿ ನಿಂತು, ಮಂಜಿನಲ್ಲಿ ಮಿಂಚುವ ಸೈನೈಡ್ ದಿಬ್ಬವನ್ನು ನೋಡಿ, "ಎಂಥ ಸೊಗಸಾದ ಬೆಟ್ಟ. ಇದರ ಕಡೆ ಬೆನ್ನು ಹಾಕಿ ಕಟ್ಟಿದ್ದಾರಲ್ಲ" ಅಂದರು. ಆ ಗೋಡೆ ಒಡೆದು ಸುಟ್ಟ ಮಣ್ಣಿನ ಜಾಲರಿ ಇಟ್ಟರೆ ನೋಟವೂ ಸಿಗುತ್ತದೆ, ಮುಂಗಾರಿನ ಗಾಳಿಯೂ ಸಿಗುತ್ತದೆ, ಫ್ಯಾನೇ ಬೇಡ ಎಂದರು.

ಸಮಿತಿಯ ಹತ್ತು ಜನರಿಗೂ ಅದು ಬೆಟ್ಟವಲ್ಲ ಎಂದು ಗೊತ್ತಿತ್ತು. ಅವರೆಲ್ಲ ಅದರ ದೂಳು ಕುಡಿದೇ ಬೆಳೆದವರು. ಬಾಯಿ ಬಿಟ್ಟವರು ತಾತ ಒಬ್ಬರೇ.

"ಸಾ, ಅದು ಗುಡ್ಡ ಅಲ್ಲ. ನಾವ್ ಒಳಗಿಂದ ತಗ್ದಾಕಿದ್ದು. ಆಸಾಡದಾಗೆ ಎದ್ದು ಬತ್ತದೆ."

ಸಾಹೇಬರು ನಕ್ಕರು. ಗಾಳಿ ಯಾವ ತಿಂಗಳು ಯಾವ ದಿಕ್ಕಿನಿಂದ ಬೀಸುತ್ತದೆ ಎಂಬುದರ ನಕ್ಷೆ ಅವರ ಕೈಯಲ್ಲಿತ್ತು. ನಕ್ಷೆ ಸರಿಯಾಗಿಯೇ ಇತ್ತು. ಗಾಳಿ ಎಲ್ಲಿಂದ ಬರುತ್ತದೆ ಎಂದು ಅದರಲ್ಲಿತ್ತು, ಏನು ಹೊತ್ತು ತರುತ್ತದೆ ಎಂದು ಇರಲಿಲ್ಲ. ಸಮಿತಿಯ ಅಧ್ಯಕ್ಷರು ತಾತನ ಕಡೆ ತಿರುಗಿ, "ಓಗಿ ಟೀ ತಗಂಬಾರಯ್ಯ" ಎಂದು ಕಳಿಸಿಬಿಟ್ಟರು. ತಾತ ಟೀ ತಂದರು. ಎಲ್ಲರಿಗೂ ಕೊಟ್ಟರು.

ಗೋಡೆ ಒಡೆದರು. ಕೆಂಪು ಮಣ್ಣಿನ ಜಾಲರಿ ನೆಲದಿಂದ ಸೂರಿನವರೆಗೆ ಎದ್ದಿತು. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಹೆಂಚಿನ ಮೇಲೆ ಸೋಲಾರ್ ಹಲಗೆ ಹಾಕಲು ನೆತ್ತಿಯ ಗವಾಕ್ಷಿಯನ್ನು ಮುಚ್ಚಿದರು. ಹಿತ್ತಲಲ್ಲಿ ಮಳೆನೀರಿನ ಗುಂಡಿ ತೋಡಿದರು. ಆ ಗುಂಡಿ ಇವತ್ತಿಗೂ ಒಳ್ಳೆಯ ಕೆಲಸ ಮಾಡುತ್ತಿದೆ, ಬೇವಿನ ಮರ ಬದುಕಿರುವುದೇ ಅದರಿಂದ. ಇದನ್ನು ಬರೆಯಲು ಹೊಟ್ಟೆ ಉರಿಯುತ್ತದೆ, ಆದರೂ ಬರೆದಿದ್ದೇನೆ. ಗೋಣಿ ಪರದೆಗಳನ್ನು ಹಿತ್ತಲಿನ ಮೂಲೆಯಲ್ಲಿ ರಾಶಿ ಹಾಕಿದರು. ಯಾವುದೋ ಪ್ರಶಸ್ತಿಯ ಪಟ್ಟಿಯಲ್ಲಿ ನಮ್ಮ ಲೈಬ್ರರಿಯ ಹೆಸರು ಬಂತು. ಸಾಹೇಬರು ಜಾಲರಿಗೆ ಒರಗಿ ನಿಂತ ಚಿತ್ರ ಪೇಪರಿನಲ್ಲೂ ಬಂತು.

ಆಷಾಢ ಬಂತು. ಮೊದಲ ದಿನವೇ ಮಧ್ಯಾಹ್ನದ ಹೊತ್ತಿಗೆ ಮೇಜುಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಬೂದು ಪುಡಿ ಕೂತಿತ್ತು. ಎರಡನೆಯ ವಾರಕ್ಕೆ ಪುಸ್ತಕ ತೆರೆದರೆ ಹೊಲಿಗೆಯ ಸಂದಿನಲ್ಲಿ ಕರಕರ ಅನ್ನುತ್ತಿತ್ತು. ಬಟ್ಟೆ ಹೊದಿಸಿದ ಹಳೆಯ ಕ್ಯಾಲಿಕೋ ರಟ್ಟುಗಳು ಬಣ್ಣಗೆಟ್ಟವು, ಮಕ್ಕಳ ಚಿತ್ರದ ಪುಸ್ತಕಗಳ ಹಾಳೆಗಳು ಒರೆಸಿದಷ್ಟೂ ಕೊಳೆಯಾದವು. ಓದಲು ಬರುವ ಹುಡುಗಿಯರು ಸೆರಗು, ದುಪಟ್ಟಾ ಮೂಗಿಗೆ ಕಟ್ಟಿಕೊಂಡು ಕೂತರು, ಆಮೇಲೆ ಬರುವುದನ್ನೇ ಬಿಟ್ಟರು. ಜಾಲರಿಗೆ ಬಾಗಿಲಿಲ್ಲ, ಮುಚ್ಚುವ ಹಾಗಿಲ್ಲ. ತಾತ ಮೂಲೆಯ ರಾಶಿಯಿಂದ ಗೋಣಿಗಳನ್ನು ತೆಗೆದು ಒಂದಕ್ಕೊಂದು ಹೊಲಿದು ಜಾಲರಿಗೆ ಅಡ್ಡ ಕಟ್ಟಿದರು. ಒಣ ಗೋಣಿಯಲ್ಲಿ ಆ ಸಣ್ಣ ಪುಡಿ ನಿಲ್ಲುವುದಿಲ್ಲ ಎಂದು ಗಣಿಯಲ್ಲಿ ಮಾಡುತ್ತಿದ್ದ ಹಾಗೆ ನೀರು ಹಾಕಿ ಒದ್ದೆ ಮಾಡಿದರು. ದಿನಕ್ಕೆ ನಾಲ್ಕು ಸಲ ಬಕೆಟ್ಟು ಹೊರುತ್ತಿದ್ದರು, ಮಧ್ಯೆ ಮಧ್ಯೆ ಜಗಲಿಯಲ್ಲಿ ಕೂತು ಕೆಮ್ಮುತ್ತಿದ್ದರು. ಬೂದು ಒಳಗೆ ಬರುವುದು ಅರ್ಧಕ್ಕರ್ಧ ನಿಂತಿತ್ತು.

ಸರಿಯಾಗಿ ಆ ವಾರವೇ ಸಾಹೇಬರು ಪ್ರಶಸ್ತಿಯ ಕಡೆಯವರನ್ನು ಕರೆದುಕೊಂಡು ಬಂದರು. ತಮ್ಮ ಜಾಲರಿಯ ಮೇಲೆ ನೀರು ಸೋರುವ ಗೋಣಿಯನ್ನು ಕಂಡರು. ಬಂದವರ ಎದುರಿಗೆ ತಾವೇ ಹಗ್ಗ ಕಿತ್ತು ಅದನ್ನು ನೆಲಕ್ಕೆಳೆದರು. ತಾತನನ್ನು ಒಂದು ಮಾತೂ ಕೇಳಲಿಲ್ಲ. ಪುಸ್ತಕಗಳು ಹಾಳಾದದ್ದು ಹೊರಗೆ ಬಂದಾಗ ಕಾರಣ ಅವರಿಗೆ ಸಿದ್ಧವಾಗಿತ್ತು. ವಿನ್ಯಾಸ ಸರಿಯಾಗಿದೆ, ಸಿಬ್ಬಂದಿ ಗಾಳಿಯ ದಾರಿಗೆ ಒದ್ದೆ ಗೋಣಿ ಕಟ್ಟಿದ್ದರಿಂದ ಒಳಗೆ ತೇವ ಹಿಡಿದು ಪುಸ್ತಕ ಕೆಟ್ಟಿತು ಎಂದರು. ಸಮಿತಿ ಒಂದು ವರದಿ ಬರೆಸಿತು. ಅದಕ್ಕೆ ಕಣ್ಣಾರೆ ಕಂಡವರೊಬ್ಬರ ಸಹಿ ಬೇಕಾಯಿತು.

ಆ ಸಹಿ ನನ್ನದು.

ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ. ಗೋಣಿ ಒದ್ದೆಯಾಗಿತ್ತೋ ಇಲ್ಲವೋ? ಒದ್ದೆಯಾಗಿತ್ತು ಎಂದೆ. ಇಂಥವರು ಒದ್ದೆ ಮಾಡಿದ್ದನ್ನು ನಾನು ನೋಡಿದ್ದೇನೆ ಎಂದು ತಾತನ ಹೆಸರು ಹಾಕಿ ಬರೆದಿದ್ದ ಹಾಳೆಯ ಕೆಳಗೆ ಸಹಿ ಮಾಡಿದೆ. ಯಾಕೆ ಒದ್ದೆ ಮಾಡಿದರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನ ಕೆಲಸ ಕಾಯಂ ಆಗುವ ಮಾತು ಆ ತಿಂಗಳೇ ಸಮಿತಿಯ ಮುಂದೆ ಇತ್ತು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಾಳೆಯಿಂದ ಬರಬೇಡಿ ಎಂದು ತಾತನಿಗೆ ಹೇಳಿದರು. ಆಮೇಲೆ ಅವರನ್ನು ನಾನು ನೋಡಿದ್ದು ಒಂದೇ ಸಲ, ಮಾರಿಕುಪ್ಪಂ ರೈಲಿನಲ್ಲಿ. ಎದುರು ಸೀಟಿನಲ್ಲಿ ಕೂತಿದ್ದರು. ಮೈ ಇಳಿದುಹೋಗಿತ್ತು. ಬೇರೆ ಕಡೆ ಎದ್ದು ಹೋಗೋಣ ಅಂದುಕೊಂಡೆ, ರೈಲು ತುಂಬಿತ್ತು. ಕೋರಮಂಡಲ್ ಸ್ಟೇಷನ್ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಆಮೇಲೆ ಅವರೇ ಹೇಳಿದರು.

"ನೀನೇನ್ ಸುಳ್ ಬರೀಲಿಲ್ವಲ್ಲ ಬಿಡು ಅಮ್ಮಣ್ಣಿ. ಒದ್ದೆ ಇತ್ತಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ... ಬಂಗಾರಪೇಟೆಯಲ್ಲಿ ಅವರು ಇಳಿಯುವಾಗ ಚೀಲ ಹಿಡಿದುಕೊಳ್ಳಲು ಹೋದೆ. ಕೊಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹೋಗಿಬಿಟ್ಟರು ಎಂದು ಅವರ ಹಳ್ಳಿಯ ಹಾಲಿನವನು ಹೇಳಿದ. ಆಗಲೇ ಹದಿನೈದು ದಿನ ಕಳೆದಿತ್ತು.

ಅವತ್ತಿನಿಂದ ನಾನು ಕಾದೆ. ಕಾಯಂ ಆದೆ, ಸಹಾಯಕಿಯಾದೆ, ಹೋದ ವರ್ಷ ಆ ಲೈಬ್ರರಿಗೇ ಮುಖ್ಯಸ್ಥೆಯಾದೆ. ನನ್ನ ತಪ್ಪಿನ ಲೆಕ್ಕವನ್ನು ನನ್ನೊಳಗೇ ಇಟ್ಟುಕೊಂಡು, ಸಾಹೇಬರ ತಪ್ಪನ್ನು ಮಾತ್ರ ದಿನಾ ಒರೆಸಿ ಹೊಳಪು ಮಾಡುತ್ತಿದ್ದೆ. ಹಾಗೆ ಮಾಡುವುದು ಸುಲಭ. ಆಮೇಲೆ ಸಮಿತಿ ಬಂಗಾರಪೇಟೆಯಲ್ಲಿ ಒಂದು ಹೊಸ ಲೈಬ್ರರಿ ಕಟ್ಟುವ ತೀರ್ಮಾನ ಮಾಡಿ, ನಕ್ಷೆಗೆ ಮತ್ತೆ ಅದೇ ಸಾಹೇಬರನ್ನು ಕರೆಯಿತು. ಸಭೆ ಎಲ್ಲಿ, ಯಾವಾಗ ಇಡುವುದು ಎಂದು ಅಧ್ಯಕ್ಷರು ನನ್ನನ್ನೇ ಕೇಳಿದರು.

ಆಷಾಢದ ಎರಡನೆಯ ವಾರ ಇಟ್ಟೆ. ಮಧ್ಯಾಹ್ನ ಮೂರು ಗಂಟೆ, ಜಾಲರಿಯ ಹಾಲಿನಲ್ಲಿ. ಜಾಲರಿಗೆ ನಾವು ಕಟ್ಟುವ ಪ್ಲಾಸ್ಟಿಕ್ ಹಾಳೆಯನ್ನು ಬೆಳಿಗ್ಗೆಯೇ ಬಿಚ್ಚಿಸಿದೆ. ನೆಲ ಒರೆಸಿಸಿದೆ, ಮೇಜಿಗೆ ಹೊಸ ಬಿಳಿ ಬಟ್ಟೆ ಹಾಸಿಸಿದೆ. ಕೊಳೆ ಕಾಣಬೇಕಾದರೆ ಮೊದಲು ಚೊಕ್ಕಟವಿರಬೇಕು. ಸಾಹೇಬರನ್ನು ಜಾಲರಿಗೆ ಎದುರಾಗಿ ಕೂರಿಸಿ, ಗಾಜಿನ ಲೋಟದಲ್ಲಿ ನೀರಿಟ್ಟು, ಮುಚ್ಚಳ ಇಡಲಿಲ್ಲ.

ತಲೆ ಪೂರ್ತಿ ಬೆಳ್ಳಗಾಗಿತ್ತು ಅವರಿಗೆ. ನಕ್ಷೆ ಬಿಚ್ಚಿ ಮಾತು ಶುರು ಮಾಡಿದರು. ಬಂಗಾರಪೇಟೆಯ ಕಟ್ಟಡಕ್ಕೂ ಪಶ್ಚಿಮದಲ್ಲಿ ಜಾಲರಿ. ಐದು ನಿಮಿಷಕ್ಕೆ ಗಾಳಿ ಎದ್ದಿತು. ನಕ್ಷೆಯ ಹಾಳೆ ಬಣ್ಣ ತಿರುಗಿತು. ಅವರು ಕೈಯಲ್ಲಿ ಒರೆಸಿದರು, ಗೆರೆಗಳ ಮೇಲೆ ಬೂದು ಪಟ್ಟೆ ಎಳೆಯಿತು. ನೀರು ಕುಡಿಯಲು ಲೋಟ ಎತ್ತಿದವರು ಒಳಗೆ ನೋಡಿ ಕೆಳಗಿಟ್ಟರು. ಕೆಮ್ಮಿದರು. ಆ ಕೆಮ್ಮು ಕೇಳಿ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

"ಆ ಕಡೆ ಸ್ವಲ್ಪ ಮುಚ್ಚಿಸಿ" ಅಂದರು.

"ಮುಚ್ಚೋಕೆ ಬರಲ್ಲ ಸರ್. ನಿಮ್ಮ ಜಾಲರಿ ಅದು."

"ಏನಾದರೂ ಅಡ್ಡ ಕಟ್ಟಿಸಿ ಹಾಗಾದರೆ."

ಹದಿನಾಲ್ಕು ವರ್ಷ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು. ಮೆಲ್ಲಗೇ ಹೇಳಿದೆ. "ಗೋಣಿ ಇದೆ ಸರ್. ಒದ್ದೆ ಮಾಡಿ ಕಟ್ಟಿಸಲಾ?"

ಅಧ್ಯಕ್ಷರು ತಲೆ ತಗ್ಗಿಸಿದರು. ಸಾಹೇಬರು ನನ್ನ ಮುಖ ನೋಡಿ, ಆಮೇಲೆ ಜಾಲರಿಯ ಕಡೆ ನೋಡಿದರು. ಅವರಿಗೆ ಹಳೆಯದು ನೆನಪಾಯಿತು ಎಂದು ನನಗೆ ಗೊತ್ತಾಯಿತು. ನಕ್ಷೆಯನ್ನು ಸುತ್ತಿಕೊಂಡು ಎದ್ದರು. ಹೋಗುವಾಗ ಅವರ ಬಿಳಿ ಅಂಗಿಯ ಬೆನ್ನು ಬೆಳ್ಳಗೇ ಇತ್ತು, ಎದೆ ಮಾತ್ರ ಬೂದು.

ಸಮಿತಿ ಅವರ ನಕ್ಷೆಯನ್ನು ಕೈಬಿಟ್ಟಿತು. ಇಲ್ಲಿಯ ಎಂಜಿನಿಯರ್ ಒಬ್ಬರ ಪಕ್ಕದಲ್ಲಿ ನಾನೇ ಕೂತು ಬೇರೆ ನಕ್ಷೆ ಬರೆಸಿದೆ. ಪೂರ್ವಕ್ಕೆ ಕಿಟಕಿ, ನೆತ್ತಿಗೆ ಗವಾಕ್ಷಿ, ಪಶ್ಚಿಮಕ್ಕೆ ಕುರುಡು ಗೋಡೆ. ಹಳೆಯ ವರದಿಯನ್ನು ತಿದ್ದಬೇಕು, ತಾತನ ಮೇಲಿನ ಮಾತನ್ನು ತೆಗೆಯಬೇಕು ಎಂದು ಅಧ್ಯಕ್ಷರನ್ನು ಕೇಳಿದೆ. "ಅರ್ದಾಕಮ್ಮ ಅತ್ಲಾಗೆ" ಎಂದು ಅವರು ಬೀರುವಿನ ಕೀಲಿ ಕೊಟ್ಟರು. ವರದಿ ಸಿಕ್ಕಿತು. ಹರಿಯಲು ಹೋಗಿ ಕೈ ತಡೆಯಿತು. ದಿನಗೂಲಿಯವರಿಗೆ ನಮ್ಮಲ್ಲಿ ಕಡತವಿಲ್ಲ. ಇಡೀ ಲೈಬ್ರರಿಯಲ್ಲಿ ತಾತನ ಹೆಸರಿರುವ ಕಾಗದ ಅದೊಂದೇ. ಅದನ್ನು ಹರಿದರೆ ಅವರು ಅಲ್ಲಿ ಇದ್ದರು ಅನ್ನುವುದಕ್ಕೇ ಗುರುತಿಲ್ಲ. ಮತ್ತೆ ಒಳಗಿಟ್ಟು ಬೀಗ ಹಾಕಿದೆ.

ಕಳೆದ ವಾರ ನಾನು ಸ್ಟೇಷನ್ನಿಂದ ಹೊರಟಿದ್ದು ಆ ಹೊಸ ಕಟ್ಟಡ ನೋಡಲು. ಒದ್ದೆ ಗೋಣಿಯ ವಾಸನೆ ತಲೆಗೇರಿತ್ತಲ್ಲ, ದಾರಿಯ ಅಂಗಡಿಯಲ್ಲಿ ಒಂದು ಕಟ್ಟು ಊದುಬತ್ತಿ ಕೊಂಡೆ. ಗೋಡೆಗಳು ತಲೆಯ ಮಟ್ಟ ದಾಟಿದ್ದವು. ಒಂದು ಕಡ್ಡಿ ಹಚ್ಚಿ, ತಾತನ ಹಾಗೆ ಕುಕ್ಕರಗಾಲಲ್ಲಿ ಕೂತೆ. ಹೊಗೆ ಪೂರ್ವದ ಕಿಟಕಿಯ ಹತ್ತಿರ ಸುಮ್ಮನೆ ನಿಂತಿತು. ಎದ್ದು ನಡುವೆ ಬಂದೆ, ಅಲ್ಲೂ ಅಷ್ಟೇ. ಪೂರ್ವದ ಕಡೆ ಹೊಸದಾಗಿ ಎದ್ದ ಎರಡಂತಸ್ತಿನ ಮಳಿಗೆಗಳು ಗಾಳಿಯನ್ನು ತಡೆದಿದ್ದವು. ಗೋಡೆಯ ಆಚೆ ಪಶ್ಚಿಮಕ್ಕೆ ಹೋಗಿ ನಿಂತೆ. ಹಿಪ್ಪುನೇರಳೆಯ ತೋಟ, ಅದರ ಮೇಲಿಂದ ತಣ್ಣಗೆ, ತಿಳಿಯಾಗಿ ಗಾಳಿ ಬಂದು ಹೊಗೆಯನ್ನು ನನ್ನ ಕುರುಡು ಗೋಡೆಗೆ ಒತ್ತುತ್ತಿತ್ತು. ಹೊಗೆ ಗೋಡೆಗೆ ತಾಗಿ ತಿರುಗಿ ನನ್ನ ಮುಖಕ್ಕೇ ಬಂತು.

ಬಂಗಾರಪೇಟೆಯಲ್ಲಿ ಸೈನೈಡ್ ದಿಬ್ಬ ಇಲ್ಲ. ಇಷ್ಟು ನನಗೆ ಹೊಳೆದಿರಲಿಲ್ಲ. ಇಲ್ಲಿಗೆ ಸಾಹೇಬರ ನಕ್ಷೆಯೇ ಸರಿಯಾಗಿತ್ತು.

ಗಾರೆ ಮೇಸ್ತ್ರಿ ಹತ್ತಿರ ಬಂದು ನಿಂತಿದ್ದರು. "ಈ ಕಡೀಕ್ ಒಂದೆಲ್ಡು ಕಿಟ್ಕಿ ಬಿಟ್ಟಿದ್ರೆ ಚೆಂದಾಗ್ ಗಾಳಿ ಬತ್ತಿತ್ತು ಮೇಡಂ. ಯಾಕ್ ಬ್ಯಾಡ ಅಂದ್ರಿ?"

ತಾತ ಇದ್ದಿದ್ದರೆ ನಕ್ಷೆ ಬರೆಸುವ ಮೊದಲೇ ಇಲ್ಲಿ ಬಂದು ಕೂತು ಒಂದು ಕಡ್ಡಿ ಸುಟ್ಟಿರುತ್ತಿದ್ದರು. ಅವರ ಗೋಡೆಯನ್ನು ಕಲಿತಿದ್ದೆ, ಅವರ ಊದುಬತ್ತಿಯನ್ನು ಕಲಿತಿರಲಿಲ್ಲ. ಕಲಿಸುವವರನ್ನು ನಾನೇ ಸಹಿ ಹಾಕಿ ಕಳಿಸಿದ್ದೆ... ಅಲ್ಲೇ ಇಟ್ಟಿಗೆಯ ಮೇಲೆ ಕೂತು ಅತ್ತೆ. ಮೇಸ್ತ್ರಿ ಪಾಪ, ಹೊಗೆ ಕಣ್ಣಿಗೆ ಹೋಗಿದೆ ಎಂದು ನೀರು ತಂದುಕೊಟ್ಟರು.

"ಒಡೀರಿ" ಎಂದೆ. "ನಾಲ್ಕು ಕಿಟಕಿ ಇಡಿ. ಎಲ್ಲಕ್ಕೂ ಬಾಗಿಲು ಇರಲಿ, ಬೇಕೆಂದಾಗ ಮುಚ್ಚೋ ಹಾಗೆ."

ನಕ್ಷೆ ಬದಲಾದರೆ ಸಮಿತಿಗೆ ಕಾಗದ ಬರೆಯಬೇಕು. ನಿನ್ನೆ ಬರೆದೆ. ಪಶ್ಚಿಮದ ಗೋಡೆಯನ್ನು ತೆರೆಯಬೇಕು ಎಂದು ಮೊದಲು ಸೂಚಿಸಿದವರು ಯಾರು ಎಂಬುದನ್ನು ನಮೂದಿಸಬೇಕಿತ್ತು. ಅಲ್ಲಿ ಸಾಹೇಬರ ಹೆಸರು ಬರಬೇಕಿತ್ತು, ನನಗೆ ಗೊತ್ತು. ನಾನು ತಾತನ ಪೂರ್ತಿ ಹೆಸರು ಬರೆದೆ, ಅವರ ಊರು ಬರೆದೆ. ಮೊದಲ ಕಾಗದದಲ್ಲಿ ನಾನು ಸಹಿ ಹಾಕಿದ್ದು ನಿಜಕ್ಕೆ. ಈ ಸಲ ಸುಳ್ಳು ಎಂದು ಗೊತ್ತಿದ್ದೇ ಸಹಿ ಹಾಕಿದೆ.